ಹೂವಿನ ಹಂಗಿಲ್ಲದ ನಾರು

ಜಗ್ಗಬೇಡ ಮಗಳೇ, ತುಂಡಾಗುತ್ತದೆ.
ಒಣಹವೆಯಲ್ಲಿ ಇದಕ್ಕೆ ಬಲು ಸಿಟ್ಟು,
ಮಳೆ ಹಿಡಿದ ದಿನ ಮಾತ್ರ ಮಾತು ಕೇಳುತ್ತದೆ.
ಉಗುರ ತುದಿಯಲ್ಲಿ ಸೀಳು, ತುದಿಗೆ ತುದಿ ಕೂಡಿಸು,
ಗಂಟು ಹಾಕು, ಬಾಲ ಕತ್ತರಿಸು.
ಒಂದು ಉಡುಪಿಗೆ ಇಪ್ಪತ್ತು ಸಾವಿರ ಗಂಟಂತೆ.
ಎಣಿಸಿದವರು ಯಾರೋ! ನಾನಂತೂ ಅಲ್ಲ.

ನಿಮ್ಮ ನಾಹಾ ಪೇಟೆಯಲ್ಲಿ ಬಾಳೆಯೆಂದರೆ ಹಣ್ಣು.
ನಮ್ಮ ಕಿಜೋಕದ ಬಾಳೆಗೆ
ಹೆಬ್ಬೆರಳಷ್ಟು ಕಾಯಿ, ಒಳಗೆಲ್ಲ ಬೀಜ,
ಹಂದಿಯೂ ಮೂಸುವುದಿಲ್ಲ.
ಹೂವಿನ ಜೊತೆಗೂಡಿ ಸ್ವರ್ಗ ಕಂಡ ನಾರಲ್ಲ ಇದು;
ಬೂದಿನೀರಲ್ಲಿ ಬೆಂದು,
ಬಿದಿರ ಚಿಮಟದಲ್ಲಿ ಚರ್ಮ ಸುಲಿಸಿಕೊಂಡು
ತಾನೇ ನಡೆದು ಬಂದದ್ದು.

ನನ್ನ ಹೆಸರು ನಬೆ. ಅಂದರೆ ಅಡುಗೆಯ ಪಾತ್ರೆ.
ಅದು ಅಮ್ಮ ಇಟ್ಟದ್ದು. ಶಾಲೆಯಲ್ಲಿ ನಾನು ಶಿಗೆಕೊ.
ಮೇಷ್ಟ್ರು ಒಮ್ಮೆ ಮನೆಗೆ ಬಂದು ದಾರ ಕೇಳಿದರು.
ಏತಕ್ಕೆ ಎನ್ನದೆ ಅಮ್ಮ
ಒಳ್ಳೆಯ ನಾರನ್ನೇ ಮೂರೆಳೆ ಹೊಸೆದು ಕೊಟ್ಟಳು.
ಮಾರನೆಯ ದಿನ ಅದರ ತುದಿಗೊಂದು ಮರದ ಹಲಗೆ:
ಮನೆಮಾತು ಆಡಿದವರ ಕೊರಳಿಗೆ.

ಹಲಗೆ ದಾಟಿಸಲು ಇದ್ದದ್ದು ಒಂದೇ ಉಪಾಯ,
ಇನ್ನೊಬ್ಬರ ಬಾಯಿಂದ ಮನೆಮಾತು ಹೊರಡಿಸುವುದು.
ಯಾರೋ ಚಿವುಟಿದರು. "ಅಗಾ!" ಎಂದೆ.
ನೋವು ಪುಸ್ತಕದ ಭಾಷೆಯಲ್ಲಿ ಬರುವುದಿಲ್ಲ ನೋಡು.
ಮೂರು ದಿನ ಹೊತ್ತೆ.
ನಾಲ್ಕನೆಯ ದಿನ ಉಶಿಯ ತೋಳು ಚಿವುಟಿದೆ.
ಪಕ್ಕದ ಮನೆಯವಳು,
ನನ್ನ ಜೊತೆ ಏಡಿ ಹಿಡಿಯುತ್ತಿದ್ದವಳು.
ಯುದ್ಧದ ವರ್ಷ ಅವಳು ಗುಹೆಯಿಂದ ಹೊರಬರಲಿಲ್ಲ.
ಅವಳ ಕೊರಳನ್ನು ಕೊಯ್ದದ್ದೂ ಅಮ್ಮನ ನಾರೇ.
ತುಂಡಾಗಲೇ ಇಲ್ಲ ಅದು.

ಚಹಾ ಆರಿಹೋಯಿತು, ಕುಡಿ.

ಆಮೇಲೆ ಅಮೆರಿಕದ ಸೈನಿಕರು ಬಂದರು.
ಬಾಳೆಯ ಬುಡದಲ್ಲಿ ಸೊಳ್ಳೆ ಹುಟ್ಟುತ್ತದೆಂದು
ತೋಪಿಗೆ ತೋಪೇ ಕಡಿದರು.
ಅವರದೇ ಡೇರೆಯ ಹಗ್ಗ ಬಿಚ್ಚಿ,
ಹರಿದ ಕಾಲುಚೀಲ ಬಿಚ್ಚಿ ಮಗ್ಗಕ್ಕೆ ಹೂಡಿದೆವು.
ಗಿಡ ನಾರಿಗೆ ಬರಲು ಮೂರು ಮಳೆಗಾಲ ಬೇಕು.
ನೆಲದೊಳಗಿನ ಗೆಡ್ಡೆ ಮಾತ್ರ
ಯಾರ ಅಪ್ಪಣೆಗೂ ಕಾಯಲಿಲ್ಲ.

ಈಗ ವಸ್ತುಸಂಗ್ರಹಾಲಯದವರು ಬರುತ್ತಾರೆ.
ಬಿಳಿ ಕೈಗವಸು ಹಾಕಿ ಮುಟ್ಟುತ್ತಾರೆ,
ನಮ್ಮ ಅಸ್ಮಿತೆ ಎನ್ನುತ್ತಾರೆ, ಪುಸ್ತಕದ ಭಾಷೆಯಲ್ಲಿ.
ಇರಬಹುದು.
ನನಗೆ ಇದು ಬೇಸಗೆಯ ಬಟ್ಟೆ,
ಬೆವರಿದ ಮೈಗೆ ಅಂಟುವುದಿಲ್ಲ.

ಎಲ್ಲಿ, ಗಂಟು ತೋರಿಸು.
ದಪ್ಪವಾಯಿತು, ಬಿಚ್ಚು.
ಕಣ್ಣಿಗೆ ಕಾಣಬಾರದು, ಬೆರಳಿಗಷ್ಟೇ ಸಿಗಬೇಕು.
ಅಯ್ಯೋ, ಚಾಕು ತಾಗಿತೇ?

ಈಗ ಏನೆಂದೆ?
ಇನ್ನೊಮ್ಮೆ ಹೇಳು.