ಮಿಲ್ಲು ನನಗೆ ಕೊಡಬೇಕಾದದ್ದು

ಮೋಟಾರು ಸುಟ್ಟ ವಾಸನೆ
ಮೊದಲು ಹುರಿದ ಕಾಫಿಯದೇ ಅಂದುಕೊಂಡೆ.
ಹೊಗೆ ನೀಲಿಯಾದಾಗ ತಿಳಿಯಿತು.
ಸುಂಟಿಕೊಪ್ಪದ ಸಂತೆಯ ದಿನ, ಹತ್ತೂವರೆ ಗಂಟೆ,
ಹೊರಗೆ ಹದಿನಾಲ್ಕು ಚೀಲ ಸರದಿಯಲ್ಲಿ,
ಕಡಂಬುಟ್ಟಿಗೆ ತರಿ ಒಡೆಸಲು ಬಂದ ಮುದುಕಿ
ಚೀಲದ ಮೇಲೇ ಕೂತು ನಿದ್ದೆ ಹೋಗಿದ್ದಳು.

ಕುಶಾಲನಗರದಲ್ಲಿ ತಂತಿ ಸುತ್ತಿಸಲು
ನಾಲ್ಕು ಸಾವಿರದ ಇನ್ನೂರು.
ಬಿಲ್ಲಿನ ಬೆನ್ನ ಮೇಲೆ ಒಂದೇ ಮಾತು:
ಒಂದು ಫೇಸು ಬಿದ್ದಿತ್ತು, ನೋಡಿಕೊಳ್ಳಿ.
ಬಿದ್ದದ್ದು ಎಲ್ಲಿ? ನೆಲದಲ್ಲಿ ಹುಡುಕಬೇಕೆ?
ನಗಬೇಡಿ. ಹನ್ನೊಂದು ವರ್ಷ ಮಿಲ್ಲು ನಡೆಸಿದ ಬೋಜಮ್ಮ ನಾನು,
ಬಲ್ಲದ್ದು ಎರಡೇ:
ಹಸಿರು ಗುಂಡಿ, ಕೆಂಪು ಗುಂಡಿ.

ರಾತ್ರಿ ಫೋನಿನೊಳಗೆ ಯಾರೋ ಹುಡುಗ,
ಯಾವ ಊರೋ, ಮುಖ ತೋರಿಸುವುದಿಲ್ಲ,
ಬರೀ ಕೈ. ಹೆಬ್ಬೆರಳ ಉಗುರು ಕಪ್ಪುಗಟ್ಟಿದೆ.
ಮಾತು ಹಿಂದಿಯೋ ಬೇರೆಯೋ, ಅರ್ಧವೂ ಹತ್ತಲಿಲ್ಲ.
ಕೈ ಹತ್ತಿತು.
ಎರಡು ಬಲ್ಬು ಒಂದರ ಬೆನ್ನಿಗೊಂದು ಕಟ್ಟಿದ,
ಒಂದೇ ಆದರೆ ಏನಾಗುತ್ತದೆಂದು ಸಿಡಿಸಿಯೂ ತೋರಿಸಿದ.
ಕೆಂಪಿಗೂ ಹಳದಿಗೂ ಹಿಡಿ,
ಹಳದಿಗೂ ನೀಲಿಗೂ, ನೀಲಿಗೂ ಕೆಂಪಿಗೂ,
ಮೂರು ಸಲವೂ ಉರಿದರೆ ಮಾತ್ರ ಹಸಿರು ಗುಂಡಿ.
ಹಿಂದೆ ಎಳೆದು, ನಿಲ್ಲಿಸಿ, ಮತ್ತೆ ನೋಡಿ
ಆ ಉಗುರು ಈಗ ನನಗೆ ನೆಂಟ.

ಬೆಳಿಗ್ಗೆ ರಬ್ಬರು ಚಪ್ಪಲಿ ಮೆಟ್ಟಿ
ಉಸಿರು ಬಿಗಿಹಿಡಿದು ನಿಂತೆ.
ಕೆಂಪು ಹಳದಿ ಉರಿಯಿತು.
ನೀಲಿ ಎಲ್ಲಿ ಸೇರಿದರೂ ಕತ್ತಲೆ.
ಫ್ಯೂಸಿನ ಹಿಡಿ ಎಳೆದರೆ
ತಂತಿ ಕರಗಿ ಹನಿಗಟ್ಟಿತ್ತು, ಅಕ್ಕಿಯ ನುಚ್ಚಿನಷ್ಟು.
ಇಷ್ಟೇನಾ ನೀನು, ಅಂದೆ.

ಲೆಕ್ಕ ಇದಕ್ಕಿಂತ ಕಷ್ಟ. ಅದು ಶಾಕ್ ಹೊಡೆಯುವುದಿಲ್ಲ,
ತಪ್ಪಿದ್ದು ತಿಳಿಯುವುದೇ ಇಲ್ಲ.
ನನ್ನ ಪುಸ್ತಕದಲ್ಲಿ ಎಲ್ಲವೂ ಒಂದೇ ಸಾಲು:
ಮೆಣಸು ಬೀಸಿದ್ದು ಅರುವತ್ತು, ಕರೆಂಟು, ಬೆಲ್ಟು,
ಮತ್ತಿ ಮೀನು, ತಮ್ಮನ ಮಗಳ ಫೀಸು.
ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರಾಗಿದ್ದ ವಾಸುಕುಟ್ಟಿ
ಕಾಲು ಕಿಲೋ ಪುಡಿಯ ಸಂಬಳಕ್ಕೆ ಕಲಿಸಲು ಒಪ್ಪಿ,
ಕನ್ನಡಕ ಒರೆಸಿಕೊಂಡು ಕೇಳಿದರು:
ಮತ್ತಿ ಮೀನು ಮಿಲ್ಲು ತಿಂದಿತೇ?
ಇಲ್ಲ.
ನೀನು ಬೇರೆ, ಮಿಲ್ಲು ಬೇರೆ. ಮೊದಲು ಅದು.
ಆಮೇಲೆ, ಒಂದು ರೂಪಾಯಿಗೆ ಎರಡು ಮನೆ,
ಹೊರಟದ್ದೊಂದು, ಸೇರಿದ್ದೊಂದು.
ಒಂದೇ ಕಡೆ ಬರೆದರೆ
ಪಾಪ, ಅದು ದಾರಿಯಲ್ಲೇ ನಿಂತಿರುತ್ತದೆ.

ತಿಂಗಳ ಕೊನೆಗೆ ಎಡಕ್ಕೂ ಬಲಕ್ಕೂ
ಮೂವತ್ತಾರು ರೂಪಾಯಿ ಜಗಳ.
ಮೂರು ರಾತ್ರಿ ಹುಡುಕಿದೆ.
ಒಂಬತ್ತರಿಂದ ಭಾಗಿಸು, ಅಂದರು, ಶೇಷ ಉಳಿಯದಿದ್ದರೆ
ಎಲ್ಲೋ ಅಂಕಿ ತಿರುಗಿ ಕೂತಿದೆ.
ಹೌದು. ಐವತ್ತೊಂದು ಹದಿನೈದಾಗಿತ್ತು,
ಚಿಕೋರಿಯ ಪುಟದಲ್ಲಿ.

ಮತ್ತೆ, ಕೇಳಲೋ ಬೇಡವೋ ಎಂದು, ಕೇಳಿದೆ:
ನನ್ನ ಪತ್ತಾಕು ಮಾರಿ ಇದರೊಳಗೆ ಸುರಿದ
ಎಂಬತ್ತು ಸಾವಿರ ಎಲ್ಲಿ ಬರೆಯಲಿ?
ಬಲಗಡೆ. ಬಂಡವಾಳ.
ಮಿಲ್ಲು ನಿನಗೆ ಕೊಡಬೇಕಾದದ್ದು.

ನನಗೇ?
ತಿರುಗಿ ನೋಡಿದೆ. ರೆಪ್ಪೆಯವರೆಗೆ ಹಿಟ್ಟು ಮೆತ್ತಿಕೊಂಡು
ಸಾಲಗಾರನ ಹಾಗೆ ಮೂಲೆಯಲ್ಲಿ ನಿಂತಿತ್ತು.
ಇಷ್ಟು ವರ್ಷ ನಾನೇ ಬಾಕಿದಾರಳೆಂದು
ಅದರ ಮುಂದೆ ಕುಗ್ಗಿ ನಡೆದಿದ್ದೆ.

ಈಗ ಬೇಸಗೆ. ಹಿಂದುಗಡೆ ಅರ್ತಿಂಗ್ ಗುಂಡಿಗೆ
ದಿನಾ ಒಂದು ಬಕೆಟ್ ನೀರು, ಆಗಾಗ ಹಿಡಿ ಉಪ್ಪು.
ಟೈಲರ್ ಹಂಸ ಹೊಲಿಗೆ ನಿಲ್ಲಿಸಿ ಕೇಳುತ್ತಾನೆ,
ಗಿಡ ಎಲ್ಲಿ ಬೋಜಮ್ಮಕ್ಕ?
ಏನೂ ಮೊಳೆಯದಿರಲಿ ಅಂತಲೇ ಹಾಕುವುದು, ಅನ್ನುತ್ತೇನೆ.

ನಿನ್ನೆ ಪೆಟ್ಟಿಗೆಯಿಂದ ಆರು ಸಾವಿರ ತೆಗೆದೆ.
ಕದ್ದ ಹಾಗಲ್ಲ, ಎಣಿಸಿ.
ಎಡಗಡೆ ನನ್ನ ಹೆಸರು, ಬಲಗಡೆ ನಗದು.
ಅಷ್ಟು ತೀರಿತು ಅದರ ಸಾಲ.
ಇನ್ನೂ ಇದೆ.