ಐಡ್ಲಿಂಗಿನಲ್ಲಿ ಹತ್ತು ನಿಮಿಷ

ಅಂತನಾನರಿವೊದಲ್ಲಿ ಸಮತಟ್ಟಾದ ಬೀದಿ ಯಾರೂ ಕಟ್ಟಲಿಲ್ಲ.
ಏರುವಾಗ ಎಂಜಿನ್ನು, ಇಳಿಯುವಾಗ ದೇವರು.
ಇಳಿಜಾರು ಸಿಕ್ಕೊಡನೆ ಕೀಲಿ ತಿರುಗಿಸಿ ಆರಿಸುತ್ತೇನೆ,
ಉಳಿದ ಪೆಟ್ರೋಲಿಗೆ ಸಂಜೆ ಒಂದು ಡಬ್ಬಿ ಅಕ್ಕಿ ಬರುತ್ತದೆ.

ನನ್ನ ಟ್ಯಾಕ್ಸಿ ರೆನೋ ಫೋರ್, ಕೆನೆಬಣ್ಣ, ಎಪ್ಪತ್ತೆಂಟರದು.
ನನಗಿಂತ ಎರಡು ವರ್ಷ ದೊಡ್ಡವರು,
ಹಾಗಾಗಿ ಬೈಯುವಾಗಲೂ ಬಹುವಚನ.
ಈಚೆಗೆ ನೀಲಿ ಹೊಗೆ ಬಿಡುತ್ತಿದ್ದರು.
ಅನೋಸಿ ಕೆರೆಯ ಸುತ್ತ ಜಕರಂಡ ಅರಳಿದ ತಿಂಗಳು;
ಹೂವಿನ ನೀಲಿಗೆ ಜನ ನಿಂತು ನೋಡುತ್ತಿದ್ದರು,
ನಮ್ಮ ನೀಲಿಗೆ ಮೂಗು ಮುಚ್ಚಿಕೊಂಡು.

ಸ್ಟ್ಯಾಂಡಿನ ತಿಯಾನ ಅಂದ: ಒಂದು ಬಾಟಲಿ ಕ್ಲೀನರ್ ಸುರಿ.
ಅವನ ಸಿತ್ರೋಯೆನ್ನಿಗೆ ಅದೇ ಅಂಗಡಿಯ ಅದೇ ಬಾಟಲಿ.
ಅಂಟಿ ಕೂತಿದ್ದ ರಿಂಗು ಬಿಟ್ಟುಕೊಂಡವು,
ಹೊಗೆ ನಿಂತಿತು,
ಮೂವರು ಹೆಂಗಸರು, ಎರಡು ಬಾತುಕೋಳಿ, ಒಂದು ಮೂಟೆ ಅಕ್ಕಿ ಹೊತ್ತು
ಅಂದೊಹಾಲೊ ಏರನ್ನು ಎರಡನೇ ಗೇರಿನಲ್ಲಿ ಹತ್ತಿದ್ದು
ನಾನೇ ಕಣ್ಣಾರೆ ಕಂಡೆ. ಸುಳ್ಳು ಹೇಳಲಾರೆ.

ವುಲತಿಯಾನ, ಇಸೋಟ್ರಿಯ ಗ್ಯಾರೇಜಿನವಳು,
ಬಾಟಲಿ ನೋಡಲಿಲ್ಲ. ಎಣ್ಣೆಕಡ್ಡಿ ಎಳೆದು
ಎರಡು ಬೆರಳ ನಡುವೆ ಉಜ್ಜಿ ಮೂಸಿದಳು.
"ಎಣ್ಣೆ ಪೂರ್ತಿ ಇಳಿಸಿ ಎಷ್ಟು ಕಾಲವಾಯಿತು, ಫಿದೀ?"
ಕಡಿಮೆಯಾದಾಗ ಸುರಿಯುತ್ತೇನೆ, ಅಂದೆ.
"ಅದು ಕೇಳಲಿಲ್ಲ."

ಮೇಲಿನ ಮುಚ್ಚಳ ಬಿಚ್ಚಿ ತೋರಿಸಿದಳು:
ತಳ ಹತ್ತಿದ ಬೆಲ್ಲದ ಪಾಕದಂತೆ, ಕಪ್ಪು, ಬೆರಳುದ್ದ.
"ಇದರ ಸೀಲು ಸತ್ತು ಯಾವ ಕಾಲವೋ.
ಎಣ್ಣೆ ಹಿಡಿದು ನಿಲ್ಲಿಸಿರುವುದೇ ಈ ಕೊಳೆ.
ಇಷ್ಟು ವರ್ಷ ತಿಂದದ್ದಕ್ಕೆ ಋಣ ತೀರಿಸುತ್ತಿದೆ.
ಒಮ್ಮೆಗೇ ಕರಗಿಸಿದರೆ ಎಲ್ಲಿಗೆ ಹೋಗುತ್ತದೆ?
ಪಂಪಿನ ಜಾಲರಿಗೆ.
ತಿಯಾನ ಪ್ರತಿ ಮಳೆಗಾಲಕ್ಕೆ ಎಣ್ಣೆ ಬದಲಿಸಿದವನು;
ಅವನ ಎಂಜಿನ್ನಿಗೆ ಅದು ಸ್ನಾನ.
ನಿನ್ನದಕ್ಕೆ ಚರ್ಮ ಸುಲಿದಂತೆ."

ಕೇಳಿಸಿಕೊಂಡೆ. ಮನೆಗೆ ಬಂದೆ. ಸುರಿದೆ.
ಹೊಗೆಗೆ ಬೇಸತ್ತಿದ್ದೆ, ಅಷ್ಟೇ ಕಾರಣ.
ಐಡ್ಲಿಂಗಿನಲ್ಲಿ ಹತ್ತು ನಿಮಿಷ, ಚೀಟಿಯಲ್ಲಿ ಬರೆದ ಹಾಗೆ.
ಕೆಳಗಿಳಿದ ಎಣ್ಣೆ ರಾತ್ರಿಗಿಂತ ಕಪ್ಪಗಿತ್ತು.

ನಾಲ್ಕು ದಿನ ದೊಡ್ಡವರು ಹಾಡಿಕೊಂಡು ಓಡಿದರು.
ನಾಲ್ಕೂ ದಿನ ವುಲತಿಯಾನಳ ಗಲ್ಲಿ ತಪ್ಪಿಸಿಕೊಂಡು ಹೋದೆ.
ಐದನೆಯ ದಿನ, ಏರಿನ ನಟ್ಟನಡುವೆ,
ಕೆಂಪು ದೀಪ.
ಹಾಗೇ ಆರಿಸಿದೆ. ಪ್ರಯಾಣಿಕರಿಗೆ ಕೈಮುಗಿದೆ.
ಹಿಮ್ಮುಖವಾಗಿ ಜಾರುತ್ತ, ಬ್ರೇಕಿನ ಮೇಲೆ ಪ್ರಾಣವಿಟ್ಟು
ಬೆಟ್ಟ ಇಳಿದೆ.

ಅವಳು ಚೇಂಬರ್ ಬಿಚ್ಚಿದಾಗ ಜಾಲರಿ ಕಾಣಲೇ ಇಲ್ಲ.
ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ
ಒಂದೊಂದೇ ಕಣ್ಣು ತೆರೆಸಿದಳು.
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
"ಬೇಗ ಆರಿಸಿದೆ, ಬೇರಿಂಗ್ ಉಳಿಯಿತು" ಅಂದಳಷ್ಟೆ.

ಗಾಡಿಯಡಿ ಮಲಗಿ ಟಾರ್ಚು ಹಿಡಿದಿದ್ದಾಗ ನೆನಪಾಯಿತು:
ಆಗಸ್ಟಿನಲ್ಲಿ ಗೋರಿ ತೆರೆದು ಅಜ್ಜಿಯನ್ನು ಹೊರತಂದೆವು.
ಕಹಳೆ, ಕುಣಿತ, ಹಂದಿಮಾಂಸದ ಊಟ.
ಹಳೆಯ ಬಟ್ಟೆ ಯಾರೂ ಬಿಚ್ಚಲಿಲ್ಲ,
ಅದರ ಮೇಲೇ ಹೊಸ ರೇಷ್ಮೆ ಸುತ್ತಿದೆವು,
ಗಂಟು ಹಾಕುವಾಗ ಅಮ್ಮ ಅಂದಳು: ಮೆಲ್ಲಗೆ,
ಒಳಗೆ ಯಾವುದು ಯಾವುದನ್ನು ಹಿಡಿದಿದೆಯೋ.

ಈಗ ತಿಂಗಳಿಗೊಮ್ಮೆ ಅಗ್ಗದ ಎಣ್ಣೆ ಹಾಕಿ ಇಳಿಸುತ್ತೇನೆ.
ಪ್ರತಿ ಸಲವೂ ಕಪ್ಪು,
ಆದರೆ ಹೋದ ಸಲದಷ್ಟಲ್ಲ.
ಹೊಸ ಸೀಲು ಹಡಗಿನಲ್ಲಿದೆಯಂತೆ, ಯಾವ ಸಮುದ್ರದಲ್ಲೋ.
ಅಲ್ಲಿಯವರೆಗೆ ನಿಂತಲ್ಲೆಲ್ಲ ತೊಟ್ಟಿಕ್ಕುತ್ತಾರೆ ದೊಡ್ಡವರು:
ಬಾಗಿಲ ಮುಂದೆ, ಚರ್ಚಿನೆದುರು, ಮೂಲೆಯ ಕಾಫಿ ಗಾಡಿಯ ಹತ್ತಿರ
ಕಾಸಗಲದ ಕಲೆ.

ಹೆಂಡತಿ ನಗುತ್ತಾಳೆ:
ಒಳ್ಳೆಯದೇ ಆಯಿತು ಬಿಡು,
ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಂತಿದ್ದೆ ಅಂತ
ಇನ್ನು ನಿನ್ನನ್ನು ಕೇಳಬೇಕಿಲ್ಲ.