ಜೋರು, ಮಾರಿ

ಇಪ್ಪತ್ತನಾಲ್ಕು ಮೀಟರ್ ದೂರ ಬೇಕು ಎಂದಿತ್ತು ಲೆಕ್ಕ.
ನಮ್ಮ ಲ್ಯಾಬು ಎಂಟು ಮೀಟರ್; ಅದರಲ್ಲೇ ಒಂದು ತುಕ್ಕು ಹಿಡಿದ ಬೀರು,
ಯಾರೂ ಒಯ್ಯದ ಹಳೆಯ ಜನರೇಟರು.
ಹೊರಗೆ ಬಯಲಿತ್ತು ನಿಜ. ಆದರೆ ಬೀದರಿನಲ್ಲಿ, ವಾಯುದಳದ ನೆರೆಯಲ್ಲಿ,
ಬಯಲಿಗೆ ಬಂದು ಹತ್ತು ಗಿಗಾಹರ್ಟ್ಸ್ ಊದಲು
ಯಾರ ಸಹಿ ಬೇಕೆಂದು ಪ್ರಿನ್ಸಿಪಾಲರಿಗೂ ಗೊತ್ತಿರಲಿಲ್ಲ.

ಹಾಗಾಗಿ ಹತ್ತಿರದಿಂದಲೇ ದೂರವನ್ನು ಅಳೆಯಲು ಕೂತೆವು,
ನಾನು, ಮತ್ತು ಅಟೆಂಡರ್ ಝರೆಪ್ಪ.
ಹಾಸಿಗೆಯ ಫೋಮನ್ನು ಶಂಕುಶಂಕುವಾಗಿ ಕೊಯ್ದು
ಇದ್ದಿಲಪುಡಿಯ ಅಂಬಲಿಯಲ್ಲಿ ಅದ್ದಿ ಗೋಡೆಗೆ ಹಚ್ಚಿದೆವು.
ಆ ವಾರ ನಮ್ಮ ಕೈ ಕಂಡವರೆಲ್ಲ
ಬಿದರಿ ಕೆಲಸ ಕಲೀತೀರೇನು ಎಂದು ಕೇಳಿದರು.

ಒಂದೂವರೆ ಸೆಂಟಿಮೀಟರಿಗೊಂದು ಚುಕ್ಕಿ.
ಅಡ್ಡ ಅರವತ್ತೊಂದು, ಉದ್ದ ಅರವತ್ತೊಂದು.
ಮೂರು ಸಾವಿರದ ಏಳುನೂರ ಇಪ್ಪತ್ತೊಂದು ಸಲ
ಪ್ರೋಬು ಸರಿಸು, ಉಸಿರು ಹಿಡಿ, ಓದು.
ಯಾಕ್ರಿ ಇಷ್ಟು ಒತ್ತೊತ್ತಾಗಿ, ಅಂದ ಝರೆಪ್ಪ.
ನೌಬಾದಿನ ಸುರಂಗ ಬಾವಿ ನೋಡಿಲ್ಲವೇ, ಅಂದೆ.
ನೆಲದೊಳಗಿನ ಕಾಲುವೆ ಯಾರ ಕಣ್ಣಿಗೂ ಬೀಳದು,
ಒಂದೊಂದೇ ಬಾವಿಗೆ ಬಗ್ಗಿ ನೋಡಿ
ನೀರು ಎತ್ತ ಹೊರಟಿದೆ ಅನ್ನಬೇಕು.
ಬಾವಿ ದೂರದೂರ ತೋಡಿದರೆ
ನಡುವೆ ಕಾಲುವೆ ಹೊರಳಿದ್ದೇ ತಿಳಿಯುವುದಿಲ್ಲ.
ಅಂವ ತಲೆದೂಗಿದ. ಅವನ ಅಜ್ಜ ಅಲ್ಲಿ ಹೂಳು ತೆಗೆದವನಂತೆ.

ಆಂಪ್ಲಿಟ್ಯೂಡ್ ಅವನ ಬಾಯಲ್ಲಿ ಜೋರು.
ಫೇಸ್ ಅಂದ್ರ ಮಾರಿ ಅಲ್ಲೇನ್ರಿ, ಅಂದು
ಮಾರಿಯೆಂದೇ ಕರೆದ. ನಾನು ತಿದ್ದಲಿಲ್ಲ.
ರಾತ್ರಿ ಹನ್ನೊಂದರ ಮೇಲೆ, ವೋಲ್ಟೇಜು ನೆಲೆಗೆ ನಿಂತು
ಕೇಬಲ್ಲಿನ ಕಾವು ಇಳಿದ ಹೊತ್ತು,
ಕತ್ತಲಲ್ಲಿ ಅವನ ದನಿ:
ಜೋರು ಮೈನಸ್ ಹದಿನಾಲ್ಕು, ಮಾರಿ ನೂರಾ ಹನ್ನೆರಡು.
ಜೋರು ಮೈನಸ್ ಹದಿನಾಲ್ಕು ಪಾಯಿಂಟ್ ಮೂರು, ಮಾರಿ ನೂರಾ ಒಂಬತ್ತು.
ಬರೀ ಜೋರು ಬರೆದುಕೊಂಡರೆ ದೂರ ಸಿಗುವುದಿಲ್ಲ, ಅಂದಿದ್ದೆ.
ಎಷ್ಟು ಕೂಗಿತು ಅನ್ನುವುದು ಅರ್ಧ.
ಎಷ್ಟು ತಡವಾಗಿ ಕೂಗಿತು, ಅದೂ ಬೇಕು.

ಹದಿನೇಳನೆಯ ಸಾಲಿನಲ್ಲಿ ಒಮ್ಮೆ ಸುಮ್ಮನಾದ.
ಕರೆಂಟು ಹೋಯಿತೇ, ಅಂದೆ.
ಇಲ್ರಿ. ಮಾರಿ ಎಪ್ಪತ್ತು.
ಬರೆದುಕೊಂಡೆ.

ಐದನೆಯ ರಾತ್ರಿ ಎಲ್ಲ ಚುಕ್ಕಿ ಕೂಡಿಸಿ, ಕಲೆಸಿ,
ನಾವು ಹೋಗದ ದೂರವನ್ನು ಕಂಪ್ಯೂಟರು ಬಿಡಿಸಿ ತೋರಿತು:
ನಡುವೆ ಚೌಬಾರಾದ ಹಾಗೆ ನೆಟ್ಟಗೆ ಒಂದು ಶಿಖರ,
ಎರಡೂ ಕಡೆ ಕುಗ್ಗುತ್ತ ಹೋಗುವ ಗುಡ್ಡಗಳು.
ಎಡಕ್ಕೆ ಮಾತ್ರ, ಇರಬಾರದ ಕಡೆ, ಒಂದು ಉಬ್ಬು.
ಬಲದಲ್ಲಿ ಅದರ ಜೋಡಿ ಇಲ್ಲ.

ಲೆಕ್ಕವನ್ನು ಹಿಂದಕ್ಕೆ ತಿರುಗಿಸಿದೆ, ದೂರದಿಂದ ತಟ್ಟೆಯ ಮೈಗೇ.
ಕೆಳಗೆ, ಎಡ ಅಂಚಿನ ಬಳಿ, ಅಂಗೈಯಷ್ಟು ಜಾಗ
ನಲವತ್ತು ಡಿಗ್ರಿ ಹಿಂದೆ ಬಿದ್ದಿತ್ತು.
ಎರಡು ಮಿಲಿಮೀಟರೂ ಇಲ್ಲದ ತಗ್ಗು.
ಕಣ್ಣಿಗೆ ಕಾಣಲಿಲ್ಲ. ಬೆರಳಿಗೆ ಸಿಕ್ಕಿತು.

ಹೈದರಾಬಾದ್ ಬಸ್ಸಿನ ಮ್ಯಾಲಿಂದ ಇಳಸೋವಾಗ್ರಿ,
ಅಂದ ಝರೆಪ್ಪ, ನಾನು ಕೇಳುವ ಮೊದಲೇ.
ಮಾರಿ ಕೆಳಗಾಗಿ ಬಿತ್ತು, ಕಲ್ಲಿನ ಮ್ಯಾಗ.
ಒರೆಸಿ ನೋಡಿದ್ದನಂತೆ. ಏನೂ ಕಂಡಿರಲಿಲ್ಲ.
ಎರಡು ತಿಂಗಳಾಗಿತ್ತು.

ಹದಿನೇಳು, ಹದಿನೆಂಟು, ಹತ್ತೊಂಬತ್ತು,
ಆ ಸಾಲುಗಳಲ್ಲಿ ಒಂದೊಂದು ಅಂಕಿ ಹೊರಳಿಸಿ ಕೂಗಿದ್ದರೂ
ನಾನು ಬರೆದುಕೊಳ್ಳುತ್ತಿದ್ದೆ.
ಮೀಟರು ಅವನೊಬ್ಬನ ಮುಂದೆ ಇತ್ತು.
ಅಂದು ಸುಮ್ಮನಾದದ್ದು ಅದಕ್ಕೇನಾ? ಕೇಳಲಿಲ್ಲ.
ಪಗಾರದಾಗ ಹಿಡೀರಿ, ಅಂದ.

ಸಿದ್ದಿಕ್ ತಾಲೀಮಿನ ಇಲಿಯಾಸ್ ಉಸ್ತಾದರ ಬಳಿ ಒಯ್ದೆವು.
ಬೆಳ್ಳಿ ತಂತಿ ಕೂರಿಸುವ ಸಣ್ಣ ಸುತ್ತಿಗೆ.
ಬೆನ್ನ ಕಡೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಮತ್ತೆ ತಟ್ಟಿದರು.
ದುಡ್ಡು ಬ್ಯಾಡ, ಇದೇನು ಮಾಡ್ತದ ಹೇಳ್ರಿ, ಅಂದರು ಚಹಾ ತರಿಸಿ.
ಬಾಯಿ ತೆರೆದೆ, ಸೂತ್ರವೊಂದೇ ನೆನಪಾಯಿತು.
ಝರೆಪ್ಪನೇ ಹೇಳಿದ:
ಮಗ್ಗಲಾಗ ಕೂತು ದೂರದ ಸುದ್ದಿ ಬರಕೋತೀವ್ರಿ.

ಮತ್ತೆ ಒಂದನೆಯ ಚುಕ್ಕಿ.
ಕೇಬಲ್ಲು ತಣಿಯಲೆಂದು ಕಾದಿದ್ದೇವೆ.
ಮೇಲೆ ವಿಮಾನ ಹಾದ ಸದ್ದಿಗೆ ಗೋಡೆಯ ಇದ್ದಿಲು ಉದುರುತ್ತದೆ.
ಈ ಸಲ ನೀ ಬರಿ, ನಾ ಓದುತ್ತೇನೆ, ಅಂದೆ.
ಪೆನ್ಸಿಲು ಹೆರೆದುಕೊಂಡ, ಬೇಕಾದ್ದಕ್ಕಿಂತ ಚೂಪಾಗಿ.

ಜೋರು ಮೈನಸ್ ಮೂವತ್ತೊಂದು, ಅಂದೆ.
ಮಾರಿ ಎಂಟು.